ಗಾಡಿಯ ಹಿಂದೆ ನಿಂತ ಅತ್ತಿಗೆ

ಸಂತೇಪೇಟೆಯ ಅಂಗಡಿಗಳಿಗೆ ಸರಕು ಸಾಗಿಸುವ ಕೈಗಾಡಿಯೊಂದು ನಮಗಿತ್ತು. ನಮಗೆ ಎಂದರೆ ಅಣ್ಣನಿಗೆ ಮತ್ತು ನನಗೆ. ಊರಿನ ತುಂಡು ಹೊಲ ಇಬ್ಬರಿಗೆ ಸಾಲದೆ ಅತ್ತಿಗೆಯನ್ನೂ ಕರೆದುಕೊಂಡು ಮೈಸೂರಿಗೆ ಬಂದಿದ್ದೆವು. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ರೈಲಿನಲ್ಲಿ ಬಂದ, ಗೋಣಿಯಲ್ಲಿ ಬಿಗಿದ ಬಟ್ಟೆಯ ಬೇಲು, ಔಷಧದ ಪೆಟ್ಟಿಗೆಗಳನ್ನು ಗೂಡ್ಸ್ ಶೆಡ್ಡಿನಲ್ಲಿ ಏರಿಸಿಕೊಂಡು ಹೋಗಿ ಒಬ್ಬೊಬ್ಬರ ಅಂಗಡಿಯೊಳಗೂ ಇಳಿಸಿಕೊಡಬೇಕು. ಲಾರಿ ನುಗ್ಗದ ಗಲ್ಲಿಗಳಲ್ಲಿ ನಮ್ಮ ಗಾಡಿ ನುಗ್ಗುತ್ತಿತ್ತು. ಅಣ್ಣ ಮುಂದೆ ಮೂಕಿ ಹಿಡಿದು ಎಳೆಯುತ್ತಿದ್ದ, ನಾನು ಹಿಂದಿನಿಂದ ತಳ್ಳುತ್ತಿದ್ದೆ. ಮಾತು ಕಡಿಮೆ. ಅವನು ‘ಏರು’ ಎಂದರೆ ನಾನು ಭುಜ ಕೊಡಬೇಕು, ‘ಇಳಿ’ ಎಂದರೆ ಜಗ್ಗಿ ಹಿಡಿಯಬೇಕು, ಅಷ್ಟೆ.

ಒಂದು ದಿನ ಬೇಲನ್ನು ಬಿಗಿದಿದ್ದ ಕಬ್ಬಿಣದ ಪಟ್ಟಿ ಕಿತ್ತುಬಂದು ಅಣ್ಣನ ಅಂಗಾಲಿಗೆ ಹೊಕ್ಕಿತು. ಅರಿಶಿನ ಮೆತ್ತಿ, ಬಟ್ಟೆ ಸುತ್ತಿಕೊಂಡು ವಾರವೆಲ್ಲ ಎಳೆದ. ಆಮೇಲೊಂದು ಬೆಳಿಗ್ಗೆ ಮುದ್ದೆ ನುಂಗಲು ಬಾಯಿ ತೆರೆಯಲೇ ಆಗಲಿಲ್ಲ. ಅದೇ ಗಾಡಿಯ ಮೇಲೆ ಮಲಗಿಸಿ ಆಸ್ಪತ್ರೆಗೆ ಒಯ್ದೆ. ಧನುರ್ವಾಯು ಎಂದರು. ಅಲ್ಲಿಂದ ಅವನು ಮನೆಗೆ ಬರಲಿಲ್ಲ.

ನಾನು ಅಳಲಿಲ್ಲ. ತಡೆದುಕೊಂಡದ್ದಲ್ಲ, ಬರಲೇ ಇಲ್ಲ. ಮಣ್ಣು ಹಾಕಿದೆ, ಕೈ ತೊಳೆದುಕೊಂಡೆ, ಇಟ್ಟದ್ದನ್ನು ಉಂಡೆ. ನೆಂಟರು ನನ್ನ ಮುಖ ನೋಡಿ ಪಿಸುಗುಟ್ಟುತ್ತಿದ್ದರು. ಅತ್ತಿಗೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೊರಗಿ ಕೂತಿದ್ದಳು. ಅವಳೂ ಅಳುತ್ತಿರಲಿಲ್ಲ.

ತಿಥಿ ಮುಗಿದ ಮರುದಿನ ಗಾಡಿ ಹೊರಡಿಸಿದೆ. ತಳ್ಳಲು ಯಾರಾದರೂ ಸಿಕ್ಕಾರೆಂದು ಶೆಡ್ಡಿನ ಮುಂದೆ ನಿಂತಿದ್ದಾಗ ಅತ್ತಿಗೆ ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಹಿಂದೆ ನಿಂತಳು.

“ನೀನ್ಯಾಕ್ ಬಂದೆ ಅತ್ಗೆ? ಮಗೂನ ಎಲ್ಲಿ ಬುಟ್ಟೆ?”

“ಪಕ್ಕದ್ಮನೆ ಅವ್ವನ್ ತಾವ. ನೀ ಮುಂದ್ಕೋಗು.”

ಶೆಡ್ಡಿನ ಮೇಸ್ತ್ರಿ ನನ್ನತ್ತ ತಿರುಗಿ, “ಎಂಗಸ್ರು ಎಲ್ಲಾದ್ರೂ ಗಾಡಿ ತಳ್ತಾರೇನೋ?” ಎಂದ.

ಅತ್ತಿಗೆಯೇ ಹೇಳಿದಳು: “ಹೊಲಕ್ಕೆ ಗೊಬ್ಬರ ಹೊತ್ತಾಗ ಯಾರೂ ಕೇಳ್ನಿಲ್ಲ ಸ್ವಾಮಿ. ಏರ್ಸಿ.”

ಗಾಡಿ ತಳ್ಳುತ್ತಿದ್ದಷ್ಟು ದಿನ ನನ್ನ ಕಣ್ಣಿಗೆ ಬೀಳುತ್ತಿದ್ದುದು ಬೇಲಿನ ಗೋಣಿತಟ್ಟು ಮಾತ್ರ. ಈಗ ಮೂಕಿ ಹಿಡಿದರೆ ಇಡೀ ರಸ್ತೆ ಎದುರಿಗಿತ್ತು. ಜಟಕಾ, ಸೈಕಲ್ಲು, ಹೂವಿನ ಬುಟ್ಟಿ, ಜನ. ಯಾವುದೂ ಒಳಕ್ಕಿಳಿಯಲಿಲ್ಲ.

ದೊಡ್ಡ ಗಡಿಯಾರದ ಗೋಪುರ ದಾಟುವಾಗ ಗಾಡಿ ತಟಕ್ಕನೆ ಭಾರವಾಯಿತು. ಹಿಂದಿನ ನೂಕು ನಿಂತಿತ್ತು. “ಅತ್ಗೆ,” ಎಂದು ಕೂಗಿದೆ. ಆಮೇಲೆ ಅಳು ಕೇಳಿಸಿತು. ಕತ್ತು ಹೊರಳಿಸಿ ನೋಡಿದರೆ, ಬೇಲಿನ ಗೋಣಿತಟ್ಟಿಗೆ ಹಣೆಯೊತ್ತಿ, ತಡೆದುಕೊಂಡದ್ದೆಲ್ಲ ಒಮ್ಮೆಗೇ ಒಡೆದಂತೆ ಅಳುತ್ತಿದ್ದಳು. ನಾನು ಮೂಕಿ ಬಿಡುವಂತಿರಲಿಲ್ಲ. ಬಿಟ್ಟರೆ ಗಾಡಿ ಹಿಂದಕ್ಕೆ ಮೊಗಚಿ ಅವಳ ಮೇಲೇ ಬೀಳುತ್ತಿತ್ತು. ಬೆನ್ನು ತಿರುಗಿಸಿಕೊಂಡೇ ಕೇಳುತ್ತ ನಿಂತೆ. ಹೋಗಿ ಒಂದು ಮಾತು ಹೇಳಬೇಕು ಅನ್ನಿಸಿತೋ ಇಲ್ಲವೋ, ಈಗಲೂ ಹೇಳಲಾರೆ. ತೋಳು ನೋಯುತ್ತಿದ್ದುದಷ್ಟೇ ಗೊತ್ತು.

ಹಿಂದೆ ಸಿಕ್ಕಿಕೊಂಡ ಜಟಕಾದವನು, “ರಸ್ತೆ ನಿಮ್ಮಪ್ಪಂದೇನ್ರೋ?” ಎಂದು ಕೂಗುತ್ತಲೇ ಇಳಿದು ಬಂದ. ಅತ್ತಿಗೆಯನ್ನು ಕಂಡು ದನಿ ತಗ್ಗಿಸಿದ. “ಪಕ್ಕಕ್ ಬನ್ನಿ ತಾಯಿ, ನಾನ್ ಒಸಿ ತಳ್ಕೊಡ್ತೀನಿ.”

“ಬ್ಯಾಡ ಬುಡಪ್ಪ, ನಾನೇ ತಳ್ತೀನಿ.”

ಗಾಡಿ ಹಗುರವಾಯಿತು. ನಾನು ಎಳೆದೆ.

ಬಟ್ಟೆ ಅಂಗಡಿಯ ಸಾಹುಕಾರರು ಬಾಗಿಲಲ್ಲೇ ಕಾಯುತ್ತಿದ್ದರು. “ಯಾಕಯ್ಯ ಇಷ್ಟೊತ್ತು? ನಿಮ್ಮಣ್ಣ ಎಲ್ಲಿ?”

“ಹೋಗ್ಬುಟ್ಟ,” ಎಂದೆ, ಯಾರದೋ ಸುದ್ದಿ ಹೇಳುವವನಂತೆ.

“ಊರಿಗಾ?”

ಅತ್ತಿಗೆ ಹಗ್ಗ ಬಿಚ್ಚುತ್ತಲೇ, “ಇಲ್ಲ ಸ್ವಾಮಿ. ತೀರ್ಕೊಂಡ್ರು,” ಎಂದಳು.

ಸಾಹುಕಾರರು ತಾವೇ ಬಂದು ಬೇಲಿನ ಒಂದು ಮೂಲೆಗೆ ಕೈ ಕೊಟ್ಟರು. ಮೂವರೂ ಸೇರಿ ಇಳಿಸಿದೆವು.

ಅತ್ತಿಗೆ ಆಮೇಲೆಯೂ ಬಹಳ ವರ್ಷ ತಳ್ಳಿದಳು. ಪೇಟೆಯವರಿಗೆ ಅಭ್ಯಾಸವಾಯಿತು. ರಸ್ತೆಯಲ್ಲಿ ಅವಳು ಮತ್ತೆ ಅಳಲಿಲ್ಲ. ಮಂಡಿ ಸೋತ ಮೇಲೆ ಮಾರ್ಕೆಟ್ಟಿನ ಬಾಗಿಲಲ್ಲಿ ವೀಳ್ಯದೆಲೆ ಮಾರಲು ಕೂತಳು. ನಾನು ಬೇರೊಬ್ಬನನ್ನು ಜೊತೆಗೆ ಹಾಕಿಕೊಂಡೆ. ಆ ದಾರಿಯಲ್ಲಿ ಗಾಡಿ ಹಾಯುವಾಗಲೆಲ್ಲ ಅವಳು, “ಉಂಡ್ಯಾ?” ಎಂದು ಕೇಳುತ್ತಿದ್ದಳು. “ಊಂ,” ಎನ್ನುತ್ತಿದ್ದೆ. ಅಣ್ಣನ ಮಾತನ್ನು ನಾವಿಬ್ಬರೂ ಎತ್ತಲಿಲ್ಲ.