ಹೊಸ ಅಳಿಯ ಖಾಲಿ ಮಾಡಿದ ಜಾಗ

ಸಂಕ್ರಾಂತಿಯ ಮಾರನೆಯ ಬೆಳಿಗ್ಗೆ ಲ್ಯಾಪ್‌ಟಾಪ್ ಆನ್ ಮಾಡಿದೆ. ಕಪ್ಪು ಪರದೆ. ಮೇಲೊಂದು ಸಾಲು: ನೋ ಸಚ್ ಪಾರ್ಟಿಷನ್. ಅಂಥ ಭಾಗವೇ ಇಲ್ಲವಂತೆ!

ಇಲ್ಲ ಅಂದರೆ? ಮೊನ್ನೆಯಷ್ಟೇ ಅಲ್ಲಿ ಕೂತು ನನ್ನ ಕಾದಂಬರಿಯ ಕೊನೆಯ ಅಧ್ಯಾಯಕ್ಕೆ ಕೈಹಚ್ಚಿದ್ದೆ. (ಅದರ ಬಗ್ಗೆ ಇದೇ ಅಂಕಣದಲ್ಲಿ ನಿಮ್ಮ ತಲೆ ಎಷ್ಟು ಸಲ ತಿಂದಿದ್ದೇನೆ!)

ವಿಶಾಖಪಟ್ಟಣದ ನಮ್ಮ ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್, ಅದರ ಡಿಸ್ಕನ್ನು ಎರಡು ಭಾಗ ಮಾಡಿ ಎರಡು ಸಂಸಾರ. ಕರೆಂಟ್ ಬಿಲ್ಲು, ರೈಲು ಟಿಕೆಟ್ಟು ಅಂತ ಮನೆಯವರಿಗೆಲ್ಲ ವಿಂಡೋಸ್. ನನ್ನ ಕನ್ನಡ ಬರವಣಿಗೆಗೆ ಲಿನಕ್ಸ್. ಆನ್ ಮಾಡಿದಾಗ ಯಾವುದು ಬೇಕೆಂದು ಕೇಳುವ ಪುಟ್ಟ ಪ್ರೋಗ್ರಾಮೇ ಬೂಟ್‌ಲೋಡರ್. ಅದರ ಸೆಟ್ಟಿಂಗ್ ಎಲ್ಲ ಇದ್ದದ್ದು ನನ್ನ ಭಾಗದಲ್ಲಿ. ಅದು ಹೋದರೆ ಯಾರ ಸಂಸಾರವೂ ಏಳುವುದಿಲ್ಲ.

"ನಿನ್ನ ಲಿನಕ್ಸೇ ಏನೋ ಮಾಡಿದೆ ನೋಡು," ಎಂದರು ನನ್ನವರು, ಮೊಬೈಲಿನಿಂದ ತಲೆ ಎತ್ತದೆ. ಈ ಮನೆಯಲ್ಲಿ ಏನು ಕೆಟ್ಟರೂ ತನಿಖೆ ಶುರುವಾಗುವುದು ನನ್ನಿಂದಲೇ.

ಪಕ್ಕದ ಮನೆಯ ಕಂಪ್ಯೂಟರಿನಲ್ಲಿ ಪೆನ್‌ಡ್ರೈವಿಗೆ ಲಿನಕ್ಸ್ ಹಾಕಿಕೊಂಡು ಬಂದು, ಅದರಿಂದ ಲ್ಯಾಪ್‌ಟಾಪ್ ಏಳಿಸಿ ಡಿಸ್ಕ್ ನೋಡಿದೆ. ನನ್ನ ಭಾಗ ನಿಜಕ್ಕೂ ಇರಲಿಲ್ಲ. ಆ ಜಾಗದ ತುಂಬ ನಾದಿನಿಯ ಮದುವೆ ವಿಡಿಯೋ. ಅರಿಶಿನದ ಶಾಸ್ತ್ರದಿಂದ ಹಿಡಿದು ರಿಸೆಪ್ಷನ್ನಿನವರೆಗೆ, ಡ್ರೋನ್ ಸಮೇತ.

ಮೊದಲ ಹಬ್ಬಕ್ಕೆಂದು ವಿಜಯವಾಡದಿಂದ ಬಂದಿದ್ದ ಹೊಸ ಅಳಿಯ ಸೋಫಾದಿಂದಲೇ ಹೇಳಿದ: "ಸ್ಪೇಸ್ ಲೇದು ಅಕ್ಕಾ. ಆ ಪಾರ್ಟಿಷನ್ ಎವರೂ ವಾಡಟ್ಲೇದು ಕದಾ ಅನಿ ತೀಸೇಶಾನು." ಜಾಗ ಸಾಲಲಿಲ್ಲವಂತೆ, ಆ ಭಾಗವನ್ನು ಯಾರೂ ಬಳಸುತ್ತಿಲ್ಲ ಅಂತ ತೆಗೆದುಬಿಟ್ಟನಂತೆ. ಯಾರೂ! ವಿಂಡೋಸಿನಿಂದ ನೋಡಿದರೆ ಲಿನಕ್ಸಿನ ಭಾಗ ಹೆಸರಿಲ್ಲದ ಜಾಗದಂತೆ ಕಾಣುತ್ತದೆ, ನಿಜ. ಕೇಳಬಹುದಿತ್ತಲ್ಲ? ನಾನು ಅಲ್ಲೇ ಅಡುಗೆಮನೆಯಲ್ಲಿ ಅವನಿಗಾಗಿಯೇ ಅರಿಸೆಲು, ಅಂದರೆ ನಮ್ಮ ಕಜ್ಜಾಯ, ಕರಿಯುತ್ತಿದ್ದೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಒಳಗೆ ಕರೆದರು. ಬಳ್ಳಾರಿ ಕಡೆಯವರು, ಮನೆಯಲ್ಲೆಲ್ಲ ತೆಲುಗು, ಗುಟ್ಟಿಗೆ ಮಾತ್ರ ಕನ್ನಡ. "ಏನೂ ಅನಬ್ಯಾಡಮ್ಮ. ಕೊತ್ತ ಅಲ್ಲುಡು, ಹೊಸ ಅಳಿಯ. ಮುಖ ಸಣ್ಣದು ಮಾಡ್ಕೊಂಡು ಹೋದ್ರೆ ನಮ್ಮ ಹುಡುಗಿ ಗತಿ ಏನು? ನೀನು ಮತ್ತೆ ಬರಕೋಬಹುದಲ್ಲ."

ಹೌದಲ್ಲ! ಕಾದಂಬರಿ ತಾನೆ. ಸಾರಿನ ಹಾಗೆ, ಚೆಲ್ಲಿದರೆ ಇನ್ನೊಮ್ಮೆ ಕುದಿಸಿದರಾಯಿತು.

ಅಳಿಸಿಹೋದ ಫೈಲು ಹುಡುಕುವ ಸಾಫ್ಟ್‌ವೇರ್ ಓಡಿಸಿದೆ. ಸಿಕ್ಕಿದ್ದು ಚೂರುಪಾರು. ಉಳಿದದ್ದರ ಮೇಲೆ ಮದುವೆ ಕೂತಿತ್ತು. ಬಚ್ಚಲಿಗೆ ಹೋಗಿ ಅತ್ತು ಬಂದೆ. ಆಮೇಲೆ ಬೂಟ್ ಸೆಟ್ಟಿಂಗ್ ತಿದ್ದಿ, ವಿಂಡೋಸ್ ನೇರವಾಗಿ ಏಳುವಂತೆ ಮಾಡಿಕೊಟ್ಟೆ. ಇನ್ಯಾರು ಮಾಡಬೇಕು?

ಸಂಜೆ ಎಲ್ಲರೂ ಕೂತು ವಿಡಿಯೋ ನೋಡಿದರು. (ಅದರಲ್ಲಿ ನಾನೂ ಇದ್ದೇನೆ. ಕಾಫಿ ಟ್ರೇ ಹಿಡಿದು ಹೋಗುತ್ತಿರುವ ಬೆನ್ನು.)

ಹೊರಡುವಾಗ ಅಳಿಯ ನಿಜವಾದ ಕಾಳಜಿಯಿಂದಲೇ ತನ್ನ ತೆಲುಗಿನಲ್ಲಿ ಹೇಳಿದ, ಮುಖ್ಯವಾದದ್ದಕ್ಕೆ ಯಾವಾಗಲೂ ಬ್ಯಾಕಪ್ ಇಟ್ಟುಕೊಳ್ಳಬೇಕು ಅಕ್ಕಾ ಎಂದು. ಅತ್ತೆ ತಲೆದೂಗಿದರು.

ಇಟ್ಟುಕೊಳ್ಳೋಣ. ಆದರೆ ಮುಖ್ಯ ಯಾವುದೆಂದು ಈ ಮನೆಯಲ್ಲಿ ತೀರ್ಮಾನಿಸುವವರು ಯಾರು, ಹೇಳಿ?