ತೋಳು ಎಲ್ಲಿಗೆ ನಿಲ್ಲಬೇಕು

ನನ್ನ ಜೀವಮಾನದ ಅತಿ ದುಬಾರಿ ಚೌಕಾಸಿಯಲ್ಲಿ ಕೈಯಿಂದ ಒಂದು ಡಾಲರೂ ಹೋಗಲಿಲ್ಲ. ಹೋದದ್ದು ಮಗಳ ಭಾನುವಾರದ ಫೋನು. ಅವಳಿರುವುದು ಬ್ರಿಸ್ಬೇನಿನಲ್ಲಿ, ನಾನು ಪರ್ತಿನಲ್ಲಿ. ಅಲ್ಲಿ ಮಧ್ಯಾಹ್ನವಾದರೂ ಇಲ್ಲಿ ಇನ್ನೂ ಎರಡನೇ ಲೋಟ ಕಾಫಿಯ ಹೊತ್ತು. ಆ ಹೊತ್ತಿಗೆ ತಪ್ಪದೆ ಮಾಡುತ್ತಿದ್ದಳು. ಅದನ್ನು ಕಳೆದುಕೊಂಡದ್ದು ಯಾತಕ್ಕೆಂದರೆ, ಅವಳ ಕೈಮೇಲಿನ ಬಿಳಿ ಕಲೆ ಅಡಿಲೇಡಿನ ಒಂದು ಮನೆಯವರ ಕಣ್ಣಿಗೆ ಬೀಳಬಾರದು ಎಂದು.

ನಾನು ಸೀರೆ ಬ್ಲೌಸ್ ಹೊಲಿಯುವವಳು. ಮೈಸೂರಿನಿಂದ ಬಂದ ಮೂರನೇ ವರ್ಷಕ್ಕೆ ನಮ್ಮ ಯಜಮಾನರು ತೀರಿಕೊಂಡರು, ಮಗಳಿಗೆ ಆಗ ಒಂಬತ್ತು. ಮೋರ್ಲಿಯ ದೊಡ್ಡ ಶಾಪಿಂಗ್ ಸೆಂಟರಿನಲ್ಲಿ ಪ್ಯಾಂಟಿನ ಕಾಲು ಮಡಿಸಿ ಹೊಲಿಯುತ್ತಾ ಶುರುಮಾಡಿ, ಆಮೇಲೆ ಮನೆಯ ಗ್ಯಾರೇಜಿಗೇ ಎರಡು ಮೆಷಿನ್ ತಂದು ಹಾಕಿಕೊಂಡೆ. ಬಟ್ಟೆಯಂಗಡಿಯವನ ಮುಂದಾಗಲಿ ಬ್ಯಾಂಕಿನವನ ಮುಂದಾಗಲಿ ಮೊದಲ ಬೆಲೆಗೆ ಹೂಂ ಅಂದವಳಲ್ಲ.

ಹನ್ನೊಂದನೇ ವಯಸ್ಸಿಗೆ ಮಗಳ ಮಣಿಕಟ್ಟಿನ ಮೇಲೆ ಒಂದು ಬಿಳಿ ಚುಕ್ಕೆ ಕಂಡಿತು. ಅಂಟುವಂಥದ್ದಲ್ಲ, ನೋವೂ ಇಲ್ಲ ಎಂದರು ಡಾಕ್ಟರು. ನಮ್ಮ ಕಡೆ ಅದನ್ನು ತೊನ್ನು ಅನ್ನುತ್ತಾರೆ. ಆ ಪದವನ್ನು ನಾನು ಮನೆಯೊಳಗೆ ಆಡಲಿಲ್ಲ, ಈಗ ಬರೆಯುವಾಗಲೂ ಕೈ ತಡೆಯುತ್ತದೆ. ಆಡುವ ಬದಲು ಹೊಲಿದೆ. ಕಲೆ ಮೊಣಕೈ ಕಡೆಗೆ ಏರುತ್ತಾ ಹೋಯಿತು. ಫ್ರಾಕು, ಕುರ್ತಾ, ಬ್ಲೌಸ್, ಎಲ್ಲಕ್ಕೂ ಮುಂಗೈವರೆಗೆ ತೋಳು. ಅವಳು ಒಮ್ಮೆಯೂ ಬೇಡ ಎನ್ನಲಿಲ್ಲ. ನನ್ನ ಹೊಲಿಗೆ ಅಷ್ಟು ಚೆನ್ನಾಗಿದೆ ಎಂದುಕೊಂಡೆ.

ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿದ ಮೇಲೆ ಅವಳು ಫೋನಿನಲ್ಲಿ ಒಂದು ಪೇಜು ಮಾಡಿಕೊಂಡು ಇಂಗ್ಲಿಷಿನಲ್ಲಿ ಕವನ ಹಾಕತೊಡಗಿದಳು. ಹೆಂಗಸರು, ಮೈ, ಗಾಯ, ಮಾಯುವುದು, ನನ್ನನ್ನು ನಾನೇ ಒಪ್ಪುವುದು, ಇಂಥವು. ಪ್ರತಿ ಕವನದ ಹಿಂದೆ ತೋಳಿಲ್ಲದ ಅಂಗಿ ತೊಟ್ಟ ಅವಳದೇ ಫೋಟೋ. ನಾಲ್ಕು ವರ್ಷದ ಬರವಣಿಗೆ. ನಾನು ನೋಡಿದ್ದು ಕೈಯನ್ನು ಮಾತ್ರ. ಅಕ್ಷರ ಸಣ್ಣದಿತ್ತು, ಓದಲಿಲ್ಲ.

ಅಡಿಲೇಡಿನ ಮಾಸನ್ ಲೇಕ್ಸಿನಿಂದ ಒಂದು ಸಂಬಂಧ ಬಂತು. ಹುಡುಗ ಇಂಜಿನಿಯರು, ತಾಯಿ ಮೈಸೂರಿನಲ್ಲಿ ಟೀಚರಾಗಿದ್ದವರು. ನಾನು ಮಗಳ ಜೊತೆ ಫೋನಿನಲ್ಲೇ ವ್ಯಾಪಾರಕ್ಕೆ ಕೂತೆ.

"ಆ ಪೇಜು ತೆಗೆದುಬಿಡು, ಒಂದ್ಸಲ ನೋಡೋಕೆ ಬಾ. ಹುಡುಗ ಇಷ್ಟ ಆಗ್ಲಿಲ್ಲ ಅಂದ್ರೆ ಇನ್ಯಾವತ್ತೂ ಮದುವೆ ಸುದ್ದಿ ಎತ್ತಲ್ಲ."

"ಯಾವತ್ತೂ? ಪ್ರಾಮಿಸ್?"

"ನಿಮ್ಮಪ್ಪನಾಣೆ."

"ಡೀಲ್" ಅಂದಳು. ಇಷ್ಟು ಸಲೀಸಾಗಿ ಮುಗಿಯಿತಲ್ಲ ಎಂದು ಹಿಗ್ಗಿದೆ. ಎದುರಿನವರು ಚೌಕಾಸಿ ಮಾಡದೆ ಒಪ್ಪಿದರೆ ಹೆದರಬೇಕು, ಆ ಪಾಠ ಅಂಗಡಿಯಲ್ಲಿ ಗೊತ್ತಿತ್ತು, ಮನೆಯಲ್ಲಿ ಮರೆತೆ.

ಜನವರಿಯ ಬಿಸಿಲಿನಲ್ಲಿ ಮಾಸನ್ ಲೇಕ್ಸಿಗೆ ಹೋದೆವು. ಅವಳಿಗೆ ನಾನು ಹೊಲಿದ ತುಂಬುತೋಳಿನ ರೇಷ್ಮೆ ಬ್ಲೌಸು. ಊಟ ಆಯಿತು, ಮಾತಾಯಿತು. ಹೊರಡುವಾಗ ಹುಡುಗನ ತಾಯಿ ಅರಿಶಿನ ಕುಂಕುಮ ಕೊಟ್ಟು, ಊರಿನಿಂದ ತಂದಿದ್ದ ಹಸಿರು ಗಾಜಿನ ಬಳೆ ಕೈಗೆತ್ತಿಕೊಂಡರು.

"ಕೈ ಕೊಡಮ್ಮ, ನಾನೇ ತೊಡಿಸ್ತೀನಿ."

ಬಳೆ ಏರಬೇಕಾದರೆ ತೋಳು ಹಿಂದೆ ಸರಿಯಬೇಕು. ಎಲ್ಲ ಅಳತೆ ಹಾಕಿದವಳು ಇದೊಂದನ್ನು ಯೋಚಿಸಿರಲಿಲ್ಲ.

"ಬಿಡಿ, ಅವಳ ಕೈ ಗಟ್ಟಿ. ಸೋಪು ಹಚ್ಕೊಂಡು ಮನೇಲೇ ಹಾಕ್ಕೊಳ್ತಾಳೆ" ಎನ್ನುತ್ತಾ ನಾನು ಅವಳ ಮಣಿಕಟ್ಟನ್ನು ಅಂಗೈಯಿಂದ ಮುಚ್ಚಿ ಹಿಡಿದೆ.

ಮಗಳು ನನ್ನ ಕೈಯನ್ನು ನೋಡಿದಳು. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ತೋಳಿನ ಹುಕ್ಕು ತೆಗೆದು ಮೊಣಕೈವರೆಗೆ ಮಡಿಸಿ, "ಹಾಕಿ ಆಂಟಿ" ಅಂದಳು. ಅವರು ಕಲೆಯನ್ನು ನೋಡಿದರು, ಆಮೇಲೆ ಆರು ಬಳೆಯನ್ನೂ ನಿಧಾನವಾಗಿ ತೊಡಿಸಿದರು. "ಎಲ್ಲಿ ಗಟ್ಟಿ? ಬೆಣ್ಣೆ ಹಾಗಿದೆ ಕೈ" ಎಂದರು.

ಸಿಟಿಗೆ ಹೋಗುವ ರೈಲಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು: "ಆ ಆಂಟಿ ಬಳೆ ತೊಡಿಸೋಕೆ ಕೈ ಹಿಡಿದ್ರಮ್ಮ. ನೀನು ಮುಚ್ಚೋಕೆ ಹಿಡಿದೆ."

"ನಿನ್ನ ಒಳ್ಳೇದಕ್ಕೇ ಕಣೆ."

"ಗೊತ್ತು. ಹುಡುಗ ಬೇಡ. ಡೀಲ್ ನೆನಪಿದೆ ಅಲ್ವಾ?"

"ಆಯ್ತು, ಆ ಪೇಜು ವಾಪಸ್ ಹಾಕ್ಕೋ, ನಾನೇನೂ ಅನ್ನಲ್ಲ."

"ಇಟ್ಸ್ ಗಾನ್, ಅಮ್ಮ. ತೆಗೆದುಬಿಡು ಅಂದೆ, ತೆಗೆದುಬಿಟ್ಟೆ. ಫೋನಲ್ಲೇ ಬರೆದು ಅಲ್ಲೇ ಹಾಕ್ತಿದ್ದೆ, ಬೇರೆಲ್ಲೂ ಇಲ್ಲ."

ನಾಲ್ಕು ವರ್ಷದ ಅವಳ ಮಾತು. ಪೆಟ್ಟಿಗೆಯೊಳಗಿಟ್ಟು ಆಮೇಲೆ ತೆಗೆಯುವ ಸೀರೆಯ ಹಾಗೆ ಅಂದುಕೊಂಡಿದ್ದೆ ನಾನು.

ಆ ಭಾನುವಾರ ಫೋನು ಬರಲಿಲ್ಲ, ಮುಂದಿನ ಭಾನುವಾರವೂ. ನಾನು ಮಾಡಿದರೆ ಎತ್ತಿ, ಊಟ ಆಯ್ತು, ಬಿಜಿ ಇದೀನಿ ಅನ್ನುತ್ತಿದ್ದಳು. ಜಗಳವಾಡಿದ್ದರೆ ರಾಜಿಗೆ ಏನಾದರೂ ದಾರಿ ಹುಡುಕುತ್ತಿದ್ದೆ.

ಒಂದು ದಿನ ಧಾರವಾಡದ ಕಡೆಯ ವಿದ್ಯಾರ್ಥಿನಿಯೊಬ್ಬಳು ಗ್ಯಾರೇಜಿಗೆ ಬಂದಳು. ಸ್ಲೀವ್‌ಲೆಸ್ ಬ್ಲೌಸ್ ಬೇಕಂತೆ.

"ತೋಳೇ ಇಲ್ಲಲ್ರೀ ಆಂಟಿ, ರೇಟ್ ಕಡಿಮೆ ಮಾಡ್ರಿ."

"ತೋಳಿಲ್ಲ ಅಂತಾನೇ ಕೆಲಸ ಜಾಸ್ತಿ. ಅಂಚಿಗೆಲ್ಲ ಪೈಪಿಂಗ್ ನಿಮ್ಮಪ್ಪ ಬಂದು ಹಾಕ್ತಾರಾ?"

ನಕ್ಕು ಅಳತೆಗೆ ಕೈ ಎತ್ತಿದಳು. ಭುಜದಿಂದ ಕೆಳಗೆ ಬಿಳಿ ಕಲೆ. ನನ್ನ ಟೇಪು ನಿಂತದ್ದನ್ನು ಅವಳು ಕಂಡಳು.

"ಅಂಟಂಗಿಲ್ಲ ಆಂಟಿ, ಹೆದರಬ್ಯಾಡ್ರಿ. ಮೊದಲು ನಾನೂ ಮುಚ್ಚಿಕೊಂಡೇ ತಿರುಗ್ತಿದ್ದೆ. ಒಂದು ಪೇಜ್ ಓದಿ ಧೈರ್ಯ ಬಂತು. ಈಗ ಆ ಪೇಜೇ ಇಲ್ಲ ನೋಡ್ರಿ. ಪಾಪ, ಯಾರು ತೆಗೆಸಿದ್ರೋ!" ಎಂದು ಉಳಿಸಿಕೊಂಡಿದ್ದ ಸ್ಕ್ರೀನ್‌ಶಾಟ್ ತೋರಿಸಿದಳು. ಅಕ್ಷರದ ಹಿಂದೆ ನನ್ನ ಮಗಳ ಕೈ.

ಕನ್ನಡಕ ಹಾಕಿಕೊಂಡು ಮೊದಲ ಸಲ ಓದಿದೆ. ನನಗೆ ತಿಳಿದಷ್ಟು ಕನ್ನಡದಲ್ಲಿ ಬರೆಯುತ್ತೇನೆ:

ನನ್ನ ಕೈಮೇಲೊಂದು ಬಿಳಿ ದೇಶ ಬೆಳೆಯಿತು.
ಅದು ಬೆಳೆದಂತೆಲ್ಲ
ಅಮ್ಮ ತೋಳನ್ನು ಉದ್ದ ಮಾಡಿದಳು.
ಹಗಲೆಲ್ಲ ಊರವರಿಗೆ ಹೊಲಿದು
ನೋಯುವ ಬೆರಳು ಅವಳದು.
ಅದಕ್ಕೇ ನಾನು
ಸೆಕೆ ಎನ್ನಲಿಲ್ಲ.

"ನನಗೂ ಕಳಿಸ್ತೀಯಾ?" ಎಂದೆ.

"ನೀವೂ ಕವನ ಓದ್ತೀರೇನ್ರೀ ಆಂಟಿ?"

"ಈಗ ಶುರುಮಾಡಿದೀನಿ" ಎಂದೆ. ಕೂಲಿ ತೆಗೆದುಕೊಳ್ಳಲಿಲ್ಲ. ಯಾಕೆ ಎಂದು ಅವಳಿಗೆ ಹೇಳುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ.

ಅದನ್ನು ಮಗಳಿಗೆ ಕಳಿಸಿದೆ. ಓದಿದಳು ಎನ್ನುವ ಎರಡು ನೀಲಿ ಗೆರೆ ಬಿದ್ದವು. ಮರುದಿನ ಒಂದು ಸಾಲು ಬಂತು: "ಇದು ಯಾರ ಹತ್ರ ಇತ್ತು?" ಒಬ್ಬ ಹುಡುಗಿ ಜೋಪಾನ ಮಾಡಿದ್ದಳು, ನಾನಲ್ಲ, ಎಂದು ಬರೆದೆ. ಅದಕ್ಕೂ ಎರಡು ಗೆರೆ ಬಿದ್ದವು, ಉತ್ತರ ಬಂದಿಲ್ಲ. ಭಾನುವಾರ ಎರಡನೇ ಲೋಟ ಕಾಫಿ ಈಗಲೂ ಮಾಡುತ್ತೇನೆ.

ನಿಮ್ಮ ಮನೆಯಲ್ಲೂ ಹೀಗೆ ಬರೆಯುವ ಹುಡುಗಿ ಇದ್ದರೆ, ಫೋಟೋ ನೋಡಿ ಗಾಬರಿಯಾಗಬೇಡಿ. ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೆ ಓದಿ. ತೆಗೆದುಬಿಡು ಅನ್ನುವ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳಿ. ಆಗಲೇ ಅಂದುಬಿಟ್ಟಿದ್ದರೆ, ಓದುತ್ತಿದ್ದವರನ್ನು ಹುಡುಕಿ ಕೇಳಿ, ಯಾರದೋ ಫೋನಿನಲ್ಲಿ ಒಂದಾದರೂ ಉಳಿದಿರುತ್ತದೆ. ಇನ್ನು ಬ್ಲೌಸ್ ಹೊಲಿಸುವಾಗ, ತೋಳು ಎಲ್ಲಿಗೆ ನಿಲ್ಲಬೇಕು ಎಂದು ಟೈಲರ್ ಕೇಳಿದರೆ ಪಕ್ಕದಲ್ಲಿ ನಿಂತ ನೀವು ಬಾಯಿ ಹಾಕಬೇಡಿ. ಹುಡುಗಿ ಹೇಳಲಿ.