ಒಬ್ಬೊಬ್ಬರಿಗೂ ಒಂದು ಟೆಂಟು

ಎದುರು ಮನೆ ಆಂಟಿಯ ಎಡಗೈ ಹೆಬ್ಬೆರಳಿನ ಉಗುರು ಸದಾ ಕಪ್ಪು. ಟೆಂಟಿನ ಗೂಟ ಹೊಡೆಯುವಾಗ ಸುತ್ತಿಗೆ ತಪ್ಪಿ ಅಲ್ಲಿಗೇ ಬೀಳುತ್ತಿತ್ತು. ಹಳೇ ಉಗುರು ಉದುರಿ ಹೊಸದು ಬರುವಷ್ಟರಲ್ಲಿ ಮುಂದಿನ ಕ್ಯಾಂಪು ಬಂದಿರುತ್ತಿತ್ತು. ಇಷ್ಟು ವರ್ಷವಾದರೂ ಗುರಿ ಕಲಿಯಲಿಲ್ಲವಲ್ಲ ಎಂದು ನಾವು ರೇಗಿಸಿದರೆ, "ಗೂಟ ಗಟ್ಟಿಯಾಗ್ ನಿಂತಿದ್ಯಾ ಇಲ್ವಾ, ಅದನ್ನ ನೋಡು ಗುರು" ಎನ್ನುತ್ತಿದ್ದರು. ಅರವತ್ತು ದಾಟಿದ ಹೆಂಗಸು, ದೇವಸ್ಥಾನದ ಅರ್ಚಕರನ್ನೂ ಬಿಡದೆ ಎಲ್ಲರನ್ನೂ ಗುರು ಎಂದೇ ಕರೆಯುತ್ತಿದ್ದರು.

ಬಹಳ ವರ್ಷ ಮಾರ್ಕೆಟ್ಟಿನಲ್ಲಿ ತರಕಾರಿ ಮಂಡಿ ನಡೆಸಿ, ಅದನ್ನು ತಮ್ಮನಿಗೆ ಒಪ್ಪಿಸಿ, ಶಂಕರಪುರದ ನಮ್ಮ ರಸ್ತೆಯ ಮನೆಯಲ್ಲಿ ಕೂತವರು. ಕೂತವರು ಎನ್ನುವುದು ಮಾತಿಗೆ. ಎರಡು ತಿಂಗಳಿಗೊಮ್ಮೆ ರಸ್ತೆಯ ನಾಲ್ಕಾರು ಜನರನ್ನು ವ್ಯಾನಿಗೆ ತುಂಬಿ, ಕನಕಪುರದ ಕಡೆ ಇದ್ದ ತಮ್ಮನ ತೋಟಕ್ಕೆ ಕ್ಯಾಂಪಿಗೆಂದು ಹೊರಡಿಸುತ್ತಿದ್ದರು. ಯಾಕೆ ಈ ಹುಚ್ಚು ಎಂದು ಕೇಳಿದವರಿಗೆ, ಮನೆಯಲ್ಲಿ ನೀರು, ಕರೆಂಟು ಕೈಕೊಟ್ಟ ದಿನ ಗೊತ್ತಾಗುತ್ತದೆ ಎನ್ನುತ್ತಿದ್ದರು.

ನನ್ನ ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಒಬ್ಬಳೇ ಇರಲು ನನ್ನಿಂದ ಆಗುತ್ತಿರಲಿಲ್ಲ. ಕರೆಂಟು ಹೋದರೆ ಎದೆ ಹೊಡೆದುಕೊಳ್ಳುತ್ತಿತ್ತು. ನಮಗೆ ಮಕ್ಕಳಿಲ್ಲ. ಮನೆ ಖಾಲಿ ಮಾಡಿ ಮಲ್ಲೇಶ್ವರದ ಅಕ್ಕನ ಮನೆ ಸೇರುವುದೆಂದು ತೀರ್ಮಾನಿಸಿದೆ. ಆಂಟಿ ಗೇಟಿನ ಹತ್ತಿರ ಬಂದು ನಿಂತು, "ಹೋಗೋದಾದ್ರೆ ಹೋಗು, ನಾನೇನ್ ಹಿಡ್ಕೊಳಲ್ಲ. ಮೊದ್ಲು ಒಂದ್ಸಲ ಕ್ಯಾಂಪಿಗೆ ಬಂದ್ಬಿಡು" ಎಂದರು.

ಅಲ್ಲಿ ಅವರದೊಂದು ಕಟ್ಟುನಿಟ್ಟು: ಒಬ್ಬೊಬ್ಬರಿಗೂ ಒಂದು ಟೆಂಟು. ಗಂಡ ಹೆಂಡತಿ ಬಂದರೂ ಅಷ್ಟೆ. ಮೊದಲ ಸಲ ಹೋದಾಗ ನಾನು ಮೆಲ್ಲಗೆ ಆಂಟಿಯ ಟೆಂಟಿನೊಳಗೆ ನುಸುಳಲು ನೋಡಿದೆ.

"ಮನೇಲಿ ಏನಾದ್ರೂ ಆದಾಗ ಪಕ್ಕದಲ್ಲಿ ಯಾರಾದ್ರೂ ಇರ್ತಾರೆ ಅಂತ ಏನ್ ಗ್ಯಾರಂಟಿ ಗುರು? ನಡಿ ನಿನ್ ಟೆಂಟಿಗೆ" ಎಂದು ಜಿಪ್ ಎಳೆದುಕೊಂಡರು. ಎಂಥ ಕಲ್ಲು ಮನಸ್ಸಿನ ಹೆಂಗಸು ಎಂದು ಬೈದುಕೊಂಡು ಅಳುತ್ತ ಮಲಗಿದೆ. ಮುಂದಿನ ಸಲವೂ ಅತ್ತೆ. ಅದರ ಮುಂದಿನ ಸಲ ನಿದ್ದೆ ಬಂತು.

ಭಾನುವಾರ ಮನೆಗೆ ಮರಳಿದರೂ ಕ್ಯಾಂಪು ಮುಗಿಯುತ್ತಿರಲಿಲ್ಲ. ಬಂದವರೆಲ್ಲರ ಮನೆಗೂ ಹೋಗಿ ಆಂಟಿ ತಾವೇ ಮೇನ್ ಸ್ವಿಚ್ ಆರಿಸುತ್ತಿದ್ದರು. ಊಟ ಮುಗಿಯುವವರೆಗೆ ಲೈಟಿಲ್ಲ, ನಲ್ಲಿ ತಿರುಗಿಸುವಂತಿಲ್ಲ. ಕ್ಯಾನಿನಲ್ಲಿ ಉಳಿದ ನೀರು, ಕ್ಯಾಂಪಿನ ಪುಟ್ಟ ಸ್ಟೌವು, ಅದರಲ್ಲೇ ಉಪ್ಪಿಟ್ಟು. ಕ್ರಿಕೆಟ್ ಮ್ಯಾಚಿದ್ದ ದಿನ ನನ್ನ ಪಕ್ಕದ ಮನೆಯವರು ಕೈಮುಗಿದು ಬೇಡಿಕೊಂಡರೂ ಬಿಡಲಿಲ್ಲ. "ತೋಟದಲ್ಲಿ ಕಲ್ತಿದ್ದು ತೋಟದಲ್ಲೇ ಬಿಟ್ಬಂದ್ರೆ ಅದು ಪಿಕ್ನಿಕ್ಕು" ಎಂದು ಆರಿಸಿಯೇ ಹೋದರು. ನಾನು ಮಲ್ಲೇಶ್ವರಕ್ಕೆ ಹೋಗಲಿಲ್ಲ.

ಹೋದ ಮಳೆಗಾಲದ ಒಂದು ಮಧ್ಯಾಹ್ನ ಗಾಳಿಗೆ ರಸ್ತೆಯ ಬಾಯಲ್ಲಿದ್ದ ದೊಡ್ಡ ಮರ ಅಡ್ಡ ಬಿತ್ತು. ನಮ್ಮದು ಕೊನೆ ಮುಚ್ಚಿದ ರಸ್ತೆ, ಒಳಗೆ ಬರಲು ಬೇರೆ ದಾರಿಯಿಲ್ಲ. ಕರೆಂಟು ಹೋಯಿತು. ಅದೇ ಹೊತ್ತಿಗೆ ಎದುರು ಮನೆಯಿಂದ ಕೂಗು ಕೇಳಿಸಿತು. ಓಡಿ ಹೋದರೆ ಆಂಟಿ ಮಹಡಿ ಮೆಟ್ಟಿಲಿನಿಂದ ಜಾರಿ ಕೆಳಗೆ ಬಿದ್ದಿದ್ದರು. ಕಾಲು ಅಲುಗಿಸಲು ಆಗುತ್ತಿರಲಿಲ್ಲ. ಮರ ತೆಗೆಯುವವರೆಗೆ ಒಳಗೆ ಬರಲು ಸಾಧ್ಯವಿಲ್ಲ, ಮುಖ್ಯರಸ್ತೆಯಲ್ಲಿ ಕಾಯುತ್ತೇವೆ ಎಂದರು ಆಂಬುಲೆನ್ಸಿನವರು.

ನಾನು ಗಾಬರಿಯಾಗಲಿಲ್ಲ. ಅದು ನನಗೇ ಆಶ್ಚರ್ಯ. ಕ್ಯಾಂಪಿನಲ್ಲಿ ಅವರೇ ಕಲಿಸಿದ್ದ ಹಾಗೆ, ಟೆಂಟಿನ ಕೋಲುಗಳನ್ನು ಕಾಲಿನ ಎರಡೂ ಬದಿಗಿಟ್ಟು ಹಗ್ಗದಿಂದ ಕಟ್ಟಿದೆ. ಪಕ್ಕದ ಮನೆಯ ಗಂಡ ಹೆಂಡತಿಯನ್ನೂ ಇಸ್ತ್ರಿ ಅಂಗಡಿಯವರನ್ನೂ ಕೂಗಿ ಕರೆದೆ. ಟೆಂಟಿನ ಕೆಳಗೆ ಹಾಸುವ ಟಾರ್ಪಾಲಿನ ಮೇಲೆ ಮಲಗಿಸಿ, ಆಳಿಗೊಂದು ಮೂಲೆ ಹಿಡಿದೆವು. ಅಷ್ಟು ನೋವಿನಲ್ಲೂ ಆಂಟಿಯ ಬಾಯಿ ಸುಮ್ಮನಿರಲಿಲ್ಲ. "ಮಂಡಿ ಹತ್ರ ಗಂಟು ಜಾರ್ತಿದೆ. ಬಿಚ್ಚಿ ಕಟ್ಟು." ನಡುರಸ್ತೆಯಲ್ಲಿ ಇಳಿಸಿ, ಬಿಚ್ಚಿ ಕಟ್ಟಿದೆ. ಕೊಂಬೆಗಳ ನಡುವೆ ತೂರಿಸಿಕೊಂಡು ಆಂಬುಲೆನ್ಸಿಗೆ ತಲುಪಿಸಿದೆವು.

ಆಪರೇಷನ್ ಚೆನ್ನಾಗಿಯೇ ಆಯಿತು. ಗೆದ್ದೆವು ಎಂದುಕೊಂಡೆ. ಆಮೇಲೆ ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತು, ಇಳಿಯಲಿಲ್ಲ. ಒಂದು ಸಂಜೆ ನಾನು ಹೊರಡಲು ಎದ್ದಾಗ ಸೆರಗು ಹಿಡಿದುಕೊಂಡರು.

"ಹೋಗ್ಬೇಡ ಕಣೇ. ಒಬ್ಳೇ ಇರಕ್ಕೆ ಆಗ್ತಿಲ್ಲ ನಂಗೆ."

ನರ್ಸು ಬೈದರೂ ನಾನು ಏಳಲಿಲ್ಲ. ಕೈ ಹಿಡಿದುಕೊಂಡು ಪಕ್ಕದಲ್ಲೇ ಕೂತೆ. ಬೆಳಗಾಗುವ ಹೊತ್ತಿಗೆ ಆ ಕೈ ತಣ್ಣಗಾಗಿತ್ತು.

ಈಗ ಎದುರು ಮನೆಗೆ ಬೀಗ ಬಿದ್ದಿದೆ. ಅಕ್ಕ ಫೋನು ಮಾಡಿದಾಗಲೆಲ್ಲ, ಇನ್ನೂ ಅಲ್ಲಿ ಹೇಗಿದ್ದೀಯೆ ಎಂದು ಕೇಳುತ್ತಾಳೆ. ಇದ್ದೇನೆ. ಆಂಟಿಯ ಋಣ ಅದು, ತೀರುವಂಥದ್ದಲ್ಲ. ಒಬ್ಬಳೇ ಇರಲು ನನಗೆ ಬರುತ್ತದೆ. ಹಾಗೆ ಇರಲು ಇಷ್ಟವಿಲ್ಲ, ಅಷ್ಟೆ.